ಆಸಾಡಿ ಮಳೆಗೆ ಗುಡುಗೇಕಿಲ್ಲ?

ಶಿರೂರಿನ ಓದುಗರೊಬ್ಬರು ಕೇಳಿದ್ದಾರೆ: ‘ಮೇ ತಿಂಗಳಲ್ಲಿ ಅರ್ಧ ಗಂಟೆ ಮಳೆ ಬಂದರೂ ಮನೆ ನಡುಗುವ ಹಾಗೆ ಗುಡುಗುತ್ತದೆ. ಆಸಾಡಿಯಲ್ಲಿ ವಾರಗಟ್ಟಲೆ ಹೊಯ್ದರೂ ಗುಡುಗಿನ ಸುದ್ದಿಯೇ ಇಲ್ಲ. ಮೋಡಕ್ಕೆ ಮೋಡ ಡಿಕ್ಕಿ ಹೊಡೆದರೆ ಗುಡುಗು ಅಂತ ಕೇಳಿಕೊಂಡು ಬೆಳೆದವರು ನಾವು. ಆಸಾಡಿಯಲ್ಲಿ ಮೋಡಕ್ಕೇನು ಬರವೇ?’

ಎಂಥ ಚಂದದ ಪ್ರಶ್ನೆ! ಕೊನೆಯ ಸಾಲಲ್ಲಿ ಅರ್ಧ ಉತ್ತರವೂ ಇದೆ. ಈ ಡಿಕ್ಕಿ ಸಿದ್ಧಾಂತದಷ್ಟು ಗಟ್ಟಿ ಆಯುಸ್ಸಿನ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಅದು ನಿಜವಾಗಿದ್ದರೆ, ಕಡಲಿಂದ ಘಟ್ಟದವರೆಗೆ ಮೋಡ ಒತ್ತೊತ್ತಾಗಿ ತುಂಬಿರುವ ಜುಲೈಯಲ್ಲಿ ಶಿರೂರಿನವರು ಒಂದು ರಾತ್ರಿಯೂ ನಿದ್ದೆ ಮಾಡುವ ಹಾಗಿರಲಿಲ್ಲ. ಮೋಡವೆಂದರೆ ತೇಲುವ ಸಣ್ಣ ಸಣ್ಣ ಹನಿಗಳು, ಅಷ್ಟೆ. ಮಳೆಗಾಲದಲ್ಲಿ ಕೊಡಚಾದ್ರಿ ಹತ್ತಿದವರೆಲ್ಲ ಅದರೊಳಗೇ ನಡೆದಿರುತ್ತಾರೆ. ತಲೆಗೂದಲು ಒದ್ದೆಯಾಗುತ್ತದೆ, ಕನ್ನಡಕ ಮಂಜಾಗುತ್ತದೆ. ಎರಡು ಮೋಡ ಎದುರಾದರೆ ಸದ್ದಿಲ್ಲದೆ ಒಂದಾಗುತ್ತವೆ.

ಗುಡುಗು ಮಿಂಚಿನ ಸದ್ದು. ಮಿಂಚು ಹಾದ ದಾರಿಯ ಗಾಳಿ ಕ್ಷಣಾರ್ಧದಲ್ಲಿ ಸುಮಾರು 30,000 ಡಿಗ್ರಿಗೆ ಕಾದು ಸಿಡಿಯುತ್ತದೆ. ಮಿಂಚಬೇಕಾದರೆ ಮೋಡದೊಳಗೆ ವಿದ್ಯುದಂಶಗಳು ಬೇರೆಯಾಗಬೇಕು. ಅದಕ್ಕೆ ಮುಖ್ಯವಾಗಿ ಬೇಕಾದದ್ದು, ನಂಬಿದರೆ ನಂಬಿ, ಮಂಜುಗಡ್ಡೆ.

ಬೆವರು ಸುರಿಯುವ ಕರಾವಳಿಯಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು? ಮೇಲಿಂದ. ಮೇಲೇರಿದ ಹಾಗೆ ಗಾಳಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿಯಂತೆ ತಂಪಾಗುತ್ತ ಹೋಗುತ್ತದೆ. ನಮ್ಮ ತಲೆಯ ಮೇಲೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಸೊನ್ನೆ. ಶಿರೂರಿನವರಿಗೆ ಬೈಂದೂರು ಪೇಟೆಗಿಂತ ಆ ಚಳಿಯೇ ಹತ್ತಿರ, ಆದರೆ ಬಸ್ಸಿಲ್ಲ. ಹೀಗೆ ತಂಪಾಗುವ ಪದರ ನಮ್ಮಲ್ಲಿ ಸುಮಾರು 16–17 ಕಿ.ಮೀ.ವರೆಗೆ ಇದೆ, ಧ್ರುವಗಳ ಕಡೆ ಅದರ ಅರ್ಧದಷ್ಟೇ. ಅಲ್ಲಿಂದ ಮೇಲೆ ಗಾಳಿ ಮತ್ತೆ ಬಿಸಿಯಾಗತೊಡಗುವುದರಿಂದ ಮೋಡದ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಮಳೆ, ಮಿಂಚು, ಚಂಡಮಾರುತ ಎಲ್ಲವೂ ಈ ಕೆಳಮಾಳಿಗೆಯ ಗಲಾಟೆ.

ಮೇ ತಿಂಗಳ ಮಧ್ಯಾಹ್ನ ಕಾದ ನೆಲದ ಗಾಳಿ ಈ ಮಾಳಿಗೆಯ ತಾರಸಿಯ ಹತ್ತಿರದವರೆಗೂ ನುಗ್ಗುತ್ತದೆ. ಕೊಲ್ಲೂರಿನ ಕಡೆ ಘಟ್ಟದ ಮೇಲೆ ಹೂಕೋಸಿನ ಹಾಗೆ ಉಬ್ಬುವ ಮೋಡ ನೋಡುನೋಡುತ್ತಿದ್ದಂತೆ 12–15 ಕಿ.ಮೀ. ಮುಟ್ಟಿ, ಸಂಜೆಗೆ ಬಯಲಾಟದ ರಂಗಸ್ಥಳದ ಮೇಲೆ ಬಂದು ನಿಲ್ಲುತ್ತದೆ. ಸೊನ್ನೆಯ ಗೆರೆ ದಾಟಿದ ಮೇಲೆ, ಮೈನಸ್ 10–20 ಡಿಗ್ರಿಯ ಆಸುಪಾಸಿನಲ್ಲಿ, ಅದರೊಳಗೆ ಮೂರು ಸರಕು ಒಟ್ಟಿಗಿರುತ್ತವೆ: ಹಗುರ ಹಿಮದ ಹರಳು, ಕಾಳಿನಷ್ಟು ಗಾತ್ರದ ಮೆದು ಆಲಿಕಲ್ಲು, ಮತ್ತು ಸೊನ್ನೆಗಿಂತ ತಂಪಾದರೂ ಹೆಪ್ಪುಗಟ್ಟದ ನೀರಹನಿ. ಮೇಲೆ ಹೋಗುವ ಹರಳು ಕೆಳಗೆ ಬೀಳುವ ಆಲಿಕಲ್ಲಿಗೆ ತಾಗಿದಾಗ ಸಾಮಾನ್ಯವಾಗಿ ಹರಳಿಗೆ ಧನ, ಆಲಿಕಲ್ಲಿಗೆ ಋಣ ವಿದ್ಯುತ್ತು. ಕೋಟ್ಯಂತರ ಸಲ ಹೀಗಾದಾಗ ಮೋಡದ ತಲೆ ಧನ, ಹೊಟ್ಟೆ ಋಣ. ಆಮೇಲೆ ಮಿಂಚದೆ ಇನ್ನೇನು? ಡಿಕ್ಕಿಯಂತೂ ಹೌದು, ಆದರೆ ಮೋಡ ಮೋಡಕ್ಕಲ್ಲ.

ಆಸಾಡಿಯ ಮೋಡಕ್ಕೆ ಅಷ್ಟು ಎತ್ತರ ಏರುವ ತ್ರಾಣವಿಲ್ಲ. ಬಿಸಿಲಿಲ್ಲದ ನೆಲ ತಣ್ಣಗಿರುತ್ತದೆ, ಗಾಳಿಯ ಕಂಬಕ್ಕೆ ಕಂಬವೇ ತೇವ. ಮೇಲೆ ನುಗ್ಗಲು ಬೇಕಾದ ಬಿಸಿ–ತಂಪಿನ ಅಂತರವೇ ಕಡಿಮೆ. ಟ್ರಮ್ (TRMM) ಎಂಬ ಉಪಗ್ರಹದ ರೇಡಾರ್ ಮೇಲಿಂದ ಅಳೆದಾಗ ಪಶ್ಚಿಮ ಘಟ್ಟದ ಮಳೆಮೋಡ ಎಷ್ಟು ಗಿಡ್ಡ ಎಂಬುದು ಸ್ಪಷ್ಟವಾಯಿತು. ಇಲ್ಲಿ ಹೆಚ್ಚಿನ ಮಳೆ ಹನಿಗೆ ಹನಿ ಕೂಡಿಯೇ ಆಗುತ್ತದೆ. ಸುಮಾರು ಹತ್ತು ಲಕ್ಷ ಮೋಡದ ಹನಿ ಸೇರಿದರೆ ಒಂದು ಮಳೆಹನಿ. ಸದ್ದಿಲ್ಲ, ಹಿಮವಿಲ್ಲ.

ಇನ್ನೊಂದು ಅಡ್ಡಿಯೂ ಇದೆ, ಅದನ್ನು ಕಣ್ಣಾರೆ ಕಾಣಬಹುದು. ಮಳೆ ಹೊಳವಾದ ಹೊತ್ತು ಒತ್ತಿನೆಣೆ ಗುಡ್ಡದ ಮೇಲೆ ನಿಂತು ನೋಡಿ: ಕೆಳಗಿನ ಬೂದು ಮೋಡ ಕಡಲಿಂದ ಘಟ್ಟಕ್ಕೆ ಓಡುತ್ತಿರುತ್ತದೆ, ತುಂಬ ಮೇಲಿನ ಬಿಳಿ ಎಳೆಮೋಡ ನಿಧಾನಕ್ಕೆ ಘಟ್ಟದಿಂದ ಕಡಲಿಗೆ! ಸುಮಾರು 14 ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಬೀಸುವ ಆ ಮಹಾಗಾಳಿಯನ್ನು 1950ರ ದಶಕದಲ್ಲಿ ಲೋಕಕ್ಕೆ ತೋರಿಸಿಕೊಟ್ಟವರು ಪಿ. ಕೋಟೇಶ್ವರಂ. ಹೆಸರು ಕೇಳಿ ಕುಂದಾಪುರ ಪಕ್ಕದ ಕೋಟೇಶ್ವರದವರು ಅಂದುಕೊಳ್ಳಬೇಡಿ, ಮುಂದೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾದವರು. ಕೆಳಗೊಂದು ದಿಕ್ಕು ಮೇಲೊಂದು ದಿಕ್ಕಿನ ಗಾಳಿಯಲ್ಲಿ ಮೋಡ ನೆಟ್ಟಗೆ ಬೆಳೆಯುವುದು ಕಷ್ಟ.

ಹಾಗಾದರೆ ಗಿಡ್ಡ ಮೋಡದಿಂದ ಇಷ್ಟೊಂದು ನೀರು ಹೇಗೆ? 2022ರ ಆಗಸ್ಟ್ 2ರ ನೆನಪು ಶಿರೂರಿಗೆ ಇನ್ನೂ ಹಸಿಯಿದೆ, ಕಳಿಹಿತ್ಲಿನ ದೋಣಿಗಳು ನೆರೆಗೆ ಕೊಚ್ಚಿ ಕಡಲು ಸೇರಿದ ದಿನ. ಪಕ್ಕದ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಮಳೆಯಾಗಿತ್ತು. ‘ಮೋಡ ಸ್ಫೋಟವಾಯಿತು’ ಎಂದರು ಜನ. ಆದರೆ ಲೆಕ್ಕ ಹಾಕಿ. ಜುಲೈ–ಆಗಸ್ಟಿನಲ್ಲಿ ನಮ್ಮ ಮೇಲಿನ ಆಕಾಶದಲ್ಲಿರುವ ಆವಿಯನ್ನೆಲ್ಲ ಹಿಂಡಿ ತೆಗೆದರೂ ಸಿಗುವುದು 60 ಮಿ.ಮೀ. ಆಸುಪಾಸಿನ ನೀರು. ಒಡೆಯಲು ಅಲ್ಲಿ ಕೊಡವೇ ಇಲ್ಲ. ಅಂದರೆ ಆ ಆಕಾಶ ಒಂದೇ ದಿನದಲ್ಲಿ ಎಂಟು ಸಲ ಬರಿದಾಗಿ ಎಂಟು ಸಲ ತುಂಬಿರಬೇಕು.

ತುಂಬಿಸುವುದು ಕೆಳಗಿನ ಗಾಳಿ. ಕೀನ್ಯಾ–ಸೊಮಾಲಿಯಾದ ಪಕ್ಕ ಸಮಭಾಜಕ ದಾಟಿ, ಅರಬ್ಬಿ ಸಮುದ್ರದುದ್ದಕ್ಕೂ ಆವಿ ಹೊತ್ತು ಬರುವ ಈ ಪ್ರವಾಹವನ್ನು 1969ರಲ್ಲಿ ವಿವರವಾಗಿ ಗುರುತಿಸಿದವರು ಬ್ರಿಟನ್ನಿನ ಫೈಂಡ್‌ಲೇಟರ್. ಅದರ ಬಿರುಸು ಹೆಚ್ಚಿರುವುದು ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ. ಕೊಡಚಾದ್ರಿ 1,343 ಮೀಟರ್! ಜುಲೈಯಲ್ಲಿ ಅಲ್ಲಿ ಸರ್ವಜ್ಞ ಪೀಠದ ಬಳಿ ನಿಂತರೆ ಮಳೆ ಕೆಳಗಿನ ಕಣಿವೆಯಿಂದ ಮೇಲಕ್ಕೆ ಬಂದು ಗಲ್ಲಕ್ಕೆ ಹೊಡೆಯುತ್ತದೆ. ಕೊಡೆ ಬಿಡಿಸುವವರು ಹೊಸಬರು.

ಈ ಗಾಳಿ ಸೋತರೆ, ಬಿಸಿಲು ಮರಳಿದರೆ, ಮೋಡ ಮತ್ತೆ ಎತ್ತರವಾಗುತ್ತದೆ. ಮಳೆಗಾಲದ ನಡುವೆ ಗುಡುಗು ಕೇಳಿದರೆ ಮಳೆ ಬಿಡುವ ಲಕ್ಷಣ ಎಂಬ ಹಿರಿಯರ ಮಾತಿನಲ್ಲಿ ಹುರುಳಿದೆ. ಆದರೆ ಅಕ್ಟೋಬರಿನ ಮೂಡಣ ಗುಡುಗು ಬಂದಾಗ ಅಂಗಳಕ್ಕೆ ಕತ್ತಿ ಎಸೆಯುವ ಪದ್ಧತಿಗೆ ಮಾತ್ರ ನನ್ನ ಸಿಟ್ಟು. ಸಿಡಿಲಿಗೆ ಹೆದರಿಕೆಯಾದರೆ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳಿ, ಒಳಗೆ ಕೂತು ಹೇಳಿದರೆ ನಷ್ಟವಿಲ್ಲ. ಕತ್ತಿ ಕಂಡು ಸಿಡಿಲು ದಾರಿ ಬದಲಿಸುವುದಿಲ್ಲ, ಕತ್ತಿ ಎಸೆಯಲು ಬಯಲಿಗೆ ಬಂದವನೇ ಅದಕ್ಕೆ ಎತ್ತರದ ಗುರಿ. ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಸುತ್ತಮುತ್ತ ಎಲ್ಲಿ ಮಿಂಚುತ್ತಿದೆ ಎಂದು ಫೋನಿನಲ್ಲೇ ತೋರಿಸುತ್ತದೆ. ಫೋನಿಲ್ಲದಿದ್ದರೆ ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಗದ್ದೆಗಿಳಿಯಿರಿ.