ಸೆಲ್ಫ್ ಬಿಚ್ಚುವ ಮೊದಲು ಉಪ್ಪುಕಾಗದ ಹಿಡಿಯಿರಿ

ವಿರಾಜಪೇಟೆ ಸುತ್ತಿನ ಕಾಫಿ ತೋಟಗಳಲ್ಲಿ ಹಳೇ ಜೀಪು ಪ್ರದರ್ಶನದ ವಸ್ತುವಲ್ಲ. ಗೊಬ್ಬರದ ಮೂಟೆ, ಸ್ಪ್ರಿಂಕ್ಲರ್ ಪೈಪು, ಕರಿಮೆಣಸಿನ ಚೀಲ ಹೊತ್ತು ಇನ್ನೂ ದುಡಿಯುತ್ತಿದೆ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ತೊಡಗಿದರು. ಆ ವಂಶದ ಸಿಜೆ-3ಬಿಯ 2.2 ಲೀಟರ್ ಪೆಟ್ರೋಲ್ ಎಂಜಿನ್ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ಅದಕ್ಕೆ ಕಾಯಿಲೆ ಬರುವುದು ಕಕ್ಕಡ ತಿಂಗಳ ಮಳೆಗೆ.

ಬೆಳಗ್ಗೆ ಕೀಲಿ ತಿರುಗಿಸಿದರೆ 'ಟಕ್' ಎಂದು ಸುಮ್ಮನಾಗುವ ಜೀಪಿಗೆ ಸಿಗುವ ಮೊದಲ ತೀರ್ಪು 'ಬ್ಯಾಟರಿ ಹೋಯ್ತು', ಎರಡನೆಯದು 'ಸೆಲ್ಫ್ ಹೋಯ್ತು'. ಎರಡೂ ದುಬಾರಿ, ಹಲವು ಸಲ ಎರಡೂ ಸುಳ್ಳು. ಬ್ಯಾಟರಿಯಿಂದ ಹೊರಟ ಕರೆಂಟು ಚಾಸಿಯ ಮೂಲಕವೇ ವಾಪಸಾಗಬೇಕು. ಅರ್ಥ್ ಪಟ್ಟಿಯ ಬೋಲ್ಟಿನಡಿ ತುಕ್ಕು, ಕೆಸರು, ಮೇಲಿಂದ ಮೇಲೆ ಹೊಡೆದ ಬಣ್ಣ ಕೂತಿದ್ದರೆ ದಾರಿ ಬಂದ್. ಸೆಲ್ಫ್ ಹೊಡೆಯುವಾಗ ಚೋಕ್ ತಂತಿ ಮುಟ್ಟಿ ನೋಡಿ: ಬಿಸಿಯಾಗಿದ್ದರೆ ಎಂಜಿನ್ನಿನ ಕರೆಂಟು ಬೇರೆ ದಾರಿ ಸಿಗದೆ ಆ ಬಡಪಾಯಿ ತಂತಿಯಲ್ಲಿ ಹರಿಯುತ್ತಿದೆ ಎಂದರ್ಥ. ಬ್ಯಾಟರಿಯ ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ದಪ್ಪ ಜಂಪರ್ ಕೇಬಲ್ ಕೊಟ್ಟಾಗ ಎಂಜಿನ್ ಗಿರ್ರನೆ ತಿರುಗಿದರೆ ರೋಗ ಸಿಕ್ಕಿತು. ಪಟ್ಟಿ ಬಿಚ್ಚಿ, ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿ.

ಆರು ವೋಲ್ಟಿನ ತೀರಾ ಹಳೇ ಜೀಪುಗಳಲ್ಲಿ ಈ ಮಾತಿಗೆ ಇನ್ನೂ ತೂಕ. ನಲವತ್ತೈದು ವ್ಯಾಟಿನ ಬಲ್ಬು ಹನ್ನೆರಡು ವೋಲ್ಟಿನಲ್ಲಿ 3.75 ಆಂಪಿಯರ್ ಎಳೆದರೆ ಆರು ವೋಲ್ಟಿನಲ್ಲಿ 7.5 ಎಳೆಯುತ್ತದೆ. ಕೆಟ್ಟ ಜೋಡಣೆಯಲ್ಲಿ ಒಂದೇ ವೋಲ್ಟು ಸೋರಿದರೂ ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಂಜಿನಲ್ಲಿ ಅದು ಹುಡುಗಾಟವಲ್ಲ. ಡೈನಮೊ ಬೇರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಚಾರ್ಜ್ ಕೊಡುವುದೇ ಇಲ್ಲ. ತೋಟದೊಳಗೆ ಲೈಟು ಹಾಕಿಕೊಂಡು ತೆವಳುತ್ತಾ ಹೋದರೆ ಖಾಲಿಯಾಗುವುದು ಬ್ಯಾಟರಿ, ಬೈಗುಳ ಬೀಳುವುದು ಡೈನಮೊಗೆ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಡೆಲ್ಕೊ (ಡಿಸ್ಟ್ರಿಬ್ಯೂಟರ್) ಕ್ಯಾಪು ತೆಗೆಯಿರಿ. ಒಳಗಿನ ತೇವ ಒರೆಸಿ, ಬಿರುಕು ಹುಡುಕಿ. ಪಾಯಿಂಟಿನ ಗ್ಯಾಪು ಅರ್ಧ ಮಿಲಿಮೀಟರ್ ಇರಲಿ. ಪಾಯಿಂಟು ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಮೇಲೆ ಗುಮಾನಿ.

ಮಾಕುಟ್ಟದಿಂದ ಪೆರುಂಬಾಡಿಗೆ ಏರುವ ಘಾಟಿಯದ್ದು ಬೇರೆಯೇ ಕಥೆ. ಬೇಸಿಗೆಯಲ್ಲಿ ಲೋ ಗೇರಿನಲ್ಲಿ ಏರಿ ಎಂಜಿನ್ ಕಾದಾಗ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಗಾಡಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವ ಹಳೇ ಉಪಾಯ ಇಂದಿಗೂ ನಡೆಯುತ್ತದೆ. ಈಗ ಶೇ 20 ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಅದಕ್ಕೆಂದು ಮಾಡದ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಊದಿ ಮೆತ್ತಗಾಗುತ್ತವೆ. ಇಲ್ಲಿ ಮಾತ್ರ ಜುಗ್ಗತನ ಬೇಡ, ಎಥನಾಲ್ ತಡೆಯುವ ಪೈಪನ್ನೇ ಹಾಕಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲು ಸೋರಿದರೆ ಬೆಂಕಿ.

ಹಳೇ ಮೆಟಡೋರಿಗೆ ಹಾಸಿಗೆ, ಫ್ಯಾನು, ಸಣ್ಣ ಫ್ರಿಜ್ಜು ಕೂಡಿಸಿ ಊರೂರು ಸುತ್ತುವ ಆಸೆಯವರಿಗೂ ಇದೇ ವೈದ್ಯ. ಮನೆಯ ಸಾಮಾನಿಗೆ ಎರಡನೇ ಬ್ಯಾಟರಿ ಇಟ್ಟು, ನಡುವೆ ರಿಲೇ ಹಾಕಿಸಿ. ಇಲ್ಲದಿದ್ದರೆ ರಾತ್ರಿ ಫ್ಯಾನು ತಿರುಗಿ ಬೆಳಗ್ಗೆ ಎಂಜಿನ್ ತಿರುಗದು. ಪ್ರತಿ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಬಾಡಿಯ ಬಣ್ಣದ ಮೇಲೆ ಸ್ಕ್ರೂ ಬಿಗಿದು ಅರ್ಥ್ ಕೊಡುವವರನ್ನು ದೂರವಿಡಿ.

ಕಾಗದಪತ್ರದ ಮಾತೂ ಒಂದಿದೆ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದ ವಾಹನಕ್ಕೆ 20,000 ರೂಪಾಯಿ ಕಟ್ಟಿ 'ವಿಂಟೇಜ್' ನೋಂದಣಿ ಪಡೆಯಬಹುದು. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗೊಬ್ಬರ ಹೊರುವ ಜೀಪಿಗೆ ಆ ಬಿರುದು ದಂಡ. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಳ್ಳುವುದೇ ಅದಕ್ಕೆ ಸರಿ.