ಊರಿಗೆ ಹಣ ಕಳುಹಿಸಿದರೆ ತಂದೆಯ ಹೊಣೆ ತೀರಿತೇ?

ಮುಂಬಯಿ, ಪುಣೆಗಳಲ್ಲಿ ದುಡಿಯುತ್ತಿರುವ ನಮ್ಮ ಬಂಧುಗಳಲ್ಲಿ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ತಾವೊಬ್ಬರೇ ಇಲ್ಲಿರುವವರ ಸಂಖ್ಯೆ ಹಿಂದೆ ಬಹು ದೊಡ್ಡದಾಗಿತ್ತು. ಇಂದಿಗೂ ಅದು ಸಣ್ಣದಲ್ಲ. ಹೋಟೆಲಿನ ಅಟ್ಟದ ಮೇಲೋ, ಐದಾರು ಮಂದಿ ಕೂಡಿ ಹಿಡಿದ ಕೋಣೆಯಲ್ಲೋ ಮಲಗಿ, ವರ್ಷಕ್ಕೊಮ್ಮೆ ರಜೆಯ ಮೇಲೆ ಊರಿಗೆ ಹೋಗಿಬರುವ ಈ ಬಂಧುಗಳಲ್ಲಿ ಅನೇಕರು, ತಂದೆಯ ಕರ್ತವ್ಯವೆಂದರೆ ಸಂಬಳವಾದ ವಾರದಲ್ಲಿ ಮನೆಗೆ ಹಣ ಮುಟ್ಟಿಸುವುದೆಂದೇ ತಿಳಿದಿದ್ದಾರೆ. ಹಿಂದೆ ಆ ಹಣ ಅಂಚೆಯ ಮನಿಯಾರ್ಡರಿನಲ್ಲಿ ಹೋಗುತ್ತಿತ್ತು. ಈಗ ಅಂಗಿಯ ಜೇಬಿನಲ್ಲಿರುವ ಮೊಬೈಲಿನಿಂದ ನಿಮಿಷದಲ್ಲಿ ಹೋಗುತ್ತದೆ. ಹಣ ಹೋಯಿತೆಂದರೆ ಮನಸ್ಸು ಹಗುರಾಯಿತು. ಆದರೆ ಮನೆಯಲ್ಲಿ ಎಷ್ಟು ಮಕ್ಕಳಾಗಬೇಕು, ಎಂದು ಆಗಬೇಕು, ಇನ್ನು ಸಾಕೆಂದಾದರೆ ಅದಕ್ಕೆ ತಕ್ಕ ಉಪಾಯವನ್ನು ಯಾರ ದೇಹದ ಮೇಲೆ ನಡೆಸಬೇಕು ಎಂಬ ಪ್ರಶ್ನೆಗಳು ಬಂದಾಗ ಇದೇ ತಂದೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಅದು ಹೆಂಗಸರ ವಿಷಯ ಎನ್ನುತ್ತಾನೆ. ಮಕ್ಕಳನ್ನು ಸಾಕುವ ಹೊಣೆ ಮತ್ತು ಸಾಕಲಾರದಷ್ಟು ಮಕ್ಕಳಾಗದಂತೆ ನೋಡಿಕೊಳ್ಳುವ ಹೊಣೆ, ಇವೆರಡೂ ಒಂದೇ ಹೊಣೆಯ ಭಾಗಗಳೆಂದೂ ಎರಡರಲ್ಲಿಯೂ ಗಂಡಸಿಗೆ ಪಾಲುಂಟೆಂದೂ ನಮ್ಮ ಅಭಿಪ್ರಾಯ.

ಈ ಉದಾಸೀನತೆಗೆ ನಮ್ಮ ನಾಡಿನಲ್ಲಿ ಒಂದು ಹಳೆಯ ಕಾರಣವುಂಟು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮಾಜಗಳಲ್ಲಿ ಅಳಿಯಸಂತಾನದ ಕಟ್ಟು ನಡೆದಿತ್ತು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಅವರ ಅನ್ನ, ಬಟ್ಟೆ, ಮದುವೆಗಳ ಭಾರ ಕುಟುಂಬದ ಯಜಮಾನನಾದ ಸೋದರಮಾವನ ಮೇಲೆ. ತಂದೆಯಾದವನು ತನ್ನ ಅಕ್ಕತಂಗಿಯರ ಮಕ್ಕಳಿಗೆ ಹೊಣೆಗಾರ. ಆ ಏರ್ಪಾಡಿನಲ್ಲಿ ಮಗು ಅನಾಥವಾಗುತ್ತಿರಲಿಲ್ಲ, ಏಕೆಂದರೆ ಗುತ್ತಿನ ಗದ್ದೆಯೂ ಮಾವನೂ ಅಲ್ಲಿಯೇ ಇದ್ದರು. 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ ಕುಟುಂಬಗಳು ಪಾಲಾಗಲು ಹಾದಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅದನ್ನು ಇನ್ನಷ್ಟು ಸಡಿಲಿಸಿತು. ಅಷ್ಟರಲ್ಲಿ ಮಾವನೂ ಬಾವನೂ ಇಬ್ಬರೂ ಮುಂಬಯಿಯ ಹಡಗನ್ನೋ ಬಸ್ಸನ್ನೋ ಹತ್ತಿಯಾಗಿತ್ತು. ಗದ್ದೆ ಹೋಯಿತು, ಯಜಮಾನಿಕೆ ಹೋಯಿತು, ಆದರೆ "ಅವಳ ತವರಿನವರು ನೋಡಿಕೊಳ್ಳುತ್ತಾರೆ" ಎಂಬ ಮಾತು ಮಾತ್ರ ಉಳಿದುಕೊಂಡಿತು. ಮಕ್ಕಳಕಟ್ಟಿನ ಮನೆಗಳವರು ಇದನ್ನು ಓದಿ ನಗಬೇಕಾಗಿಲ್ಲ. ಅಲ್ಲಿ ತವರಿನ ಬದಲು "ನನ್ನ ಅಪ್ಪ ಅಮ್ಮ ಇದ್ದಾರಲ್ಲ" ಎಂಬ ಮಾತು ಅದೇ ಕೆಲಸವನ್ನು ಮಾಡುತ್ತದೆ.

ದೇಶದ ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ಜೀವನಾಂಶ ಕೊಡಿಸುವ ಅಧಿಕಾರ 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ. ಅನುಕೂಲವಿದ್ದೂ ತನ್ನ ಮಗುವನ್ನು ಪೋಷಿಸದವನ ಮೇಲೆ ಅರ್ಜಿ ಹಾಕಬಹುದು. ಮಗು ವಿವಾಹದಿಂದ ಹುಟ್ಟಿದ್ದೇ ಅಲ್ಲವೇ ಎಂಬ ಭೇದ ಈ ಕಲಮಿನಲ್ಲಿ ಇಲ್ಲ. ನಗರದಲ್ಲಿ ಇನ್ನೊಂದು ಸಂಸಾರ ಹೂಡಿದವರು ಇದನ್ನು ಎರಡು ಸಲ ಓದುವುದು ಒಳ್ಳೆಯದು. ಊರಿನ ಮಗುವೂ ಇಲ್ಲಿಯ ಮಗುವೂ ಎರಡೂ ಅವರ ಲೆಕ್ಕಕ್ಕೇ ಬರುತ್ತವೆ. ಹಿಂದೆ ತಿಂಗಳಿಗೆ ಐದು ನೂರು ರೂಪಾಯಿಗಿಂತ ಹೆಚ್ಚು ಕೊಡಿಸಲು ನ್ಯಾಯಾಧೀಶರಿಗೆ ಅಧಿಕಾರವಿರಲಿಲ್ಲ. ಆ ಮಿತಿಯನ್ನು 2001ರಲ್ಲಿ ತೆಗೆದುಹಾಕಲಾಯಿತು.

ಊರಿನಲ್ಲಿರುವ ಹೆಂಗಸರು ತಿಳಿಯದಿರುವ ಸಂಗತಿಯೊಂದಿದೆ. ಗಂಡ ಮುಂಬಯಿಯಲ್ಲಿದ್ದಾನೆಂದು ಅವರು ಮುಂಬಯಿಗೆ ಬಂದು ಅರ್ಜಿ ಹಾಕಬೇಕಾಗಿಲ್ಲ. ತಾವು ವಾಸವಾಗಿರುವ ಕುಂದಾಪುರದಲ್ಲೋ ಕಾರ್ಕಳದಲ್ಲೋ ಹಾಕಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ, ಅವರ ವರಮಾನವೆಷ್ಟೇ ಇರಲಿ, ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ, ಗಂಡಹೆಂಡಿರಿಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದು ಒಪ್ಪಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ವಿಧಿಸಿದೆ. ಕೆಲಸವಿಲ್ಲವೆಂದು ಕೈಚೆಲ್ಲುವ ಗಟ್ಟಿಮುಟ್ಟಾದ ಗಂಡಸು ಮೈಮುರಿದು ದುಡಿದಾದರೂ ಸಾಕಬೇಕೆಂದು ಅದೇ ನ್ಯಾಯಾಲಯ 2022ರಲ್ಲಿ ಹೇಳಿದೆ. ಆಜ್ಞೆಯಾದ ಮೇಲೂ ಕೊಡದಿದ್ದರೆ ಬಾಕಿಯಾದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸ ಉಂಟು. ಸೆರೆವಾಸ ಮುಗಿಸಿ ಬಂದವನ ಬಾಕಿಯೂ ಹಾಗೆಯೇ ನಿಂತಿರುತ್ತದೆ.

ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ನಾವು ಕುಳಿತಿದ್ದ ವರ್ಷಗಳಲ್ಲಿ ಊರಿನಿಂದ ಫೋನುಗಳು ಬರುತ್ತಿದ್ದವು. "ಧಣಿಗಳೇ, ಇವರಿಗೆ ಈ ತಿಂಗಳು ಸಂಬಳ ಆಗಿದೆಯೋ?" ಎಂದು ಕೇಳುವ ಸ್ವರದಲ್ಲಿ ಎಷ್ಟು ಸಂಕೋಚವಿರುತ್ತಿತ್ತೆಂಬುದನ್ನು ಕೇಳಿದವರೇ ಬಲ್ಲರು. ಫೋನನ್ನು ಇಡುವ ಮೊದಲೇ ಸಪ್ಲಾಯರನು ಕಣ್ಣಿನಲ್ಲಿಯೇ ಬೇಡುತ್ತಿದ್ದನು: ಅಡ್ವಾನ್ಸು ತೆಗೆದುಕೊಂಡ ಸಂಗತಿ ಹೇಳಬೇಡಿ, ಟಿಪ್ಸಿನ ಸಂಗತಿ ಹೇಳಬೇಡಿ. ಅಡ್ವಾನ್ಸು ಎಲ್ಲಿಗೆ ಹೋಯಿತೆಂದರೆ ಕೆಲವರದು ಇಸ್ಪೀಟಿಗೆ, ಕೆಲವರದು ಬಾಟಲಿಗೆ. ಎಲ್ಲರದೂ ಹಾಗಲ್ಲ. ಊಟ ವಸತಿ ಹೋಟೆಲಿನಲ್ಲಿಯೇ ಇರುವುದರಿಂದ ತನ್ನ ಕೈಗೆ ಚಹಾದ ಕಾಸನ್ನೂ ಇಟ್ಟುಕೊಳ್ಳದೆ ಸಂಬಳವಿಡೀ ಕಳುಹಿಸುತ್ತಿದ್ದ ಭಟ್ಟರನ್ನೂ ಕ್ಲೀನರುಗಳನ್ನೂ ನಾವು ಕಂಡಿದ್ದೇವೆ, ಮತ್ತು ಅಂಥವರೇ ಹೆಚ್ಚು. ಆದರೆ ಕೋರ್ಟಿನ ಕಾಗದ ಬಂದಾಗ "ಸಂಬಳ ಕಡಿಮೆಯೆಂದು ಒಂದು ಚೀಟಿ ಬರೆದುಕೊಡಿ" ಎಂದು ಕೇಳಿಕೊಂಡು ಬರುವವರೂ ಇದ್ದರು. ದಯೆಯಿಂದಲೋ ಕೆಲಸಗಾರ ಕೈಬಿಟ್ಟು ಹೋದಾನೆಂಬ ಭಯದಿಂದಲೋ ಅಂಥ ಚೀಟಿ ಬರೆದುಕೊಡುವ ಮಾಲಿಕರೂ ಇದ್ದರು. ಆ ದಯೆ ಒಂದು ಮಗುವಿನ ಹಾಲಿನಿಂದ ಕಿತ್ತುಕೊಟ್ಟ ದಯೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ 20ನೆಯ ಕಲಮಿನಂತೆ, ಕೊಡದೆ ತಪ್ಪಿಸಿಕೊಂಡವನ ಸಂಬಳದ ಒಂದು ಭಾಗವನ್ನು ನೇರವಾಗಿ ಹೆಂಡತಿಗೆ ಕೊಡುವಂತೆ ಮ್ಯಾಜಿಸ್ಟ್ರೇಟರು ಮಾಲಿಕನಿಗೇ ಆಜ್ಞೆ ಮಾಡಬಹುದೆಂಬುದನ್ನು ನಮ್ಮ ಹೋಟೆಲು ಮಾಲಿಕರು ತಿಳಿದಿರಬೇಕು.

ಸಾಕಲಾರದಷ್ಟು ಮಕ್ಕಳಾದಾಗ ಅವು ಎಲ್ಲಿಗೆ ಹೋಗುತ್ತಿದ್ದವೆಂಬುದಕ್ಕೆ ನಮ್ಮ ವ್ಯವಸಾಯದ ಚರಿತ್ರೆಯೇ ಸಾಕ್ಷಿ. ಏಳೆಂಟು ಮಕ್ಕಳ ಮನೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನನ್ನು ಊರಿನವರೊಡನೆ ಕಳುಹಿಸಿಬಿಡುವುದು, ಅವನು ಇಲ್ಲಿ ತಟ್ಟೆ ಲೋಟ ತೊಳೆಯುವುದು, ಅದೃಷ್ಟವಿದ್ದರೆ ರಾತ್ರಿಶಾಲೆಯಲ್ಲಿ ನಾಲ್ಕಕ್ಷರ ಕಲಿಯುವುದು: ಇದೇ ಅನೇಕರ ಬಾಲ್ಯವಾಗಿತ್ತು. ಹಾಗೆ ಬಂದು ಮುಂದೆ ಹೋಟೆಲು ಇಟ್ಟವರ ಕಥೆಗಳನ್ನು ನಾವು ಸಮಾರಂಭಗಳಲ್ಲಿ ಹೆಮ್ಮೆಯಿಂದ ಕೇಳುತ್ತೇವೆ. ಹಾಗೆಯೇ ಬಂದು ಕ್ಷಯ ತಗಲಿ ಊರಿಗೆ ಮರಳಿದವರ ಕಥೆಯನ್ನು ಹೇಳುವವರಿಲ್ಲ. ಹದಿನಾಲ್ಕು ವರ್ಷಕ್ಕಿಂತ ಕಿರಿಯರನ್ನು ಹೋಟೆಲುಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರಿನಲ್ಲಿ ನಿಷೇಧಿಸಲಾಯಿತು, 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಈಗ ಆ ಬಾಗಿಲು ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದಾಯಿತು. ಹುಟ್ಟಿದ ಮಗುವನ್ನು ಮನೆಯಲ್ಲಿಯೇ ಸಾಕಬೇಕು, ಓದಿಸಬೇಕು. ಆದುದರಿಂದಲೇ ಹುಟ್ಟುವ ಮೊದಲಿನ ಮಾತಿಗೆ ನಾವು ಬರಬೇಕಾಗಿದೆ.

ಸಂತಾನ ನಿಯಂತ್ರಣವೆಂಬುದು ಪರದೇಶದಿಂದ ಬಂದ ಪಿಡುಗೆಂದು ಹಿರಿಯರು ಕೆಲವರು ಮೂಗು ಮುರಿಯುವುದುಂಟು. ಈ ಮುಂಬಯಿಯಲ್ಲಿಯೇ ಮಹರ್ಷಿ ಕರ್ವೆಯವರ ಪುತ್ರ ರಘುನಾಥ ಧೋಂಡೋ ಕರ್ವೆಯವರು 1921ರಲ್ಲಿ ಇದಕ್ಕಾಗಿ ಚಿಕಿತ್ಸಾಲಯವನ್ನು ತೆರೆದರು. ಗಣಿತದ ಅಧ್ಯಾಪಕರಾಗಿದ್ದ ಅವರು ಈ ಪ್ರಚಾರಕ್ಕಾಗಿ ಕೆಲಸವನ್ನು ಕಳೆದುಕೊಂಡರು. 1927ರಿಂದ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕವನ್ನು ನಡೆಸಿ ಅಶ್ಲೀಲತೆಯ ಆರೋಪದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದರು. ಅವರ ಪರವಾಗಿ ಒಮ್ಮೆ ವಾದಿಸಿದವರು ಡಾಕ್ಟರ್ ಅಂಬೇಡ್ಕರರು. ಮೈಸೂರು ಸಂಸ್ಥಾನದ ಸರಕಾರ 1930ರಲ್ಲಿಯೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಜಗತ್ತಿನಲ್ಲಿಯೇ ಮೊದಲಿನವೆಂದು ಇವನ್ನು ಎಣಿಸುತ್ತಾರೆ. 1949ರಲ್ಲಿ ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದ ಶ್ರೀಮತಿ ಧನವಂತಿ ರಾಮರಾವ್ ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅವರ ಪತಿ, ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದ ಬೆನಗಲ್ ರಾಮರಾಯರು, ನಮ್ಮ ಕರಾವಳಿಯ ಮನೆತನದವರು. ಪಿಡುಗೋ ಅಲ್ಲವೋ, ಇದರಲ್ಲಿ ನಮ್ಮವರ ಕೈ ದೊಡ್ಡದಾಗಿಯೇ ಇದೆ.

ಸ್ವಾರಸ್ಯವೆಂದರೆ, ಆ ದಿನಗಳಲ್ಲಿ ಇದು ಹೆಂಗಸರ ಕೆಲಸವೆಂದು ಯಾರೂ ತಿಳಿದಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯ ರೈಲು ನಿಲ್ದಾಣಗಳಲ್ಲಿಯೇ ಗಂಡಸರ ಶಸ್ತ್ರಚಿಕಿತ್ಸೆಯ ಕೇಂದ್ರಗಳಿದ್ದವು. 'ನಿರೋಧ್' 1968ರಲ್ಲಿ ಬೀಡಿ ಅಂಗಡಿಗೂ ಬಂದಿತು. ಕೆಟ್ಟದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆಗಳಾದವು, ಅವುಗಳಲ್ಲಿ ಬಹುಪಾಲು ಗಂಡಸರವು, ಅನೇಕ ಕಡೆ ಬಲಾತ್ಕಾರದವು. ಮೂರು ಮಕ್ಕಳಾದವರಿಗೆ ಇದನ್ನು ಕಡ್ಡಾಯ ಮಾಡುವ ಮಸೂದೆಯನ್ನು ಮಹಾರಾಷ್ಟ್ರದ ವಿಧಾನಮಂಡಲ ಅಂಗೀಕರಿಸಿಯೂ ಇತ್ತು. ರಾಷ್ಟ್ರಪತಿಗಳ ಅಂಕಿತ ದೊರೆಯದ್ದರಿಂದ ಅದು ಜಾರಿಗೆ ಬರಲಿಲ್ಲ. ಜನ ರೊಚ್ಚಿಗೆದ್ದರು, ಸರಕಾರ ಉರುಳಿತು. ಆ ಬಳಿಕ ಬಂದ ಸರಕಾರಗಳು ಗಂಡಸರ ತಂಟೆಗೆ ಹೋಗದೆ ಹೆಂಗಸರ ಕಡೆಗೆ ತಿರುಗಿದವು, ಏಕೆಂದರೆ ಹೆಂಗಸರು ಗಲಾಟೆ ಮಾಡುವುದಿಲ್ಲ.

ಅದರ ಫಲವನ್ನು ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ವಿವಾಹಿತ ದಂಪತಿಗಳಲ್ಲಿ ಹೆಂಡತಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದು ನೂರಕ್ಕೆ ಸುಮಾರು 38 ಮನೆಗಳಲ್ಲಿ. ಗಂಡ ಮಾಡಿಸಿಕೊಂಡದ್ದು ಸಾವಿರಕ್ಕೆ ಮೂರು ಮನೆಗಳಲ್ಲಿ. ಕರ್ನಾಟಕದಲ್ಲಿ ಹೆಂಗಸರ ಪ್ರಮಾಣ ನೂರಕ್ಕೆ ಐವತ್ತನ್ನೂ ಮೀರಿದೆ. ಹೆಂಗಸಿನದು ಹೊಟ್ಟೆಯನ್ನು ಕೊಯ್ದು ಮಾಡುವ ಶಸ್ತ್ರಚಿಕಿತ್ಸೆ, ಅಪಾಯ ಹೆಚ್ಚಿನದು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ ನಡೆದ ಶಿಬಿರಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಬಡ ತಾಯಂದಿರು ಪ್ರಾಣ ಕಳೆದುಕೊಂಡರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಆಜ್ಞೆ ಮಾಡಬೇಕಾಯಿತು. ಆ ತಾಯಂದಿರ ಗಂಡಂದಿರು ಮಾಡಿಸಿಕೊಳ್ಳಬಹುದಾಗಿದ್ದ ಚಿಕಿತ್ಸೆ ಎಷ್ಟು ಹೊತ್ತಿನದು? ಇಪ್ಪತ್ತು ನಿಮಿಷದ್ದು.

ಗಂಡುಮಗುವಾಗಲೆಂದು ನಾಲ್ಕನೆಯ, ಐದನೆಯ ಬಸಿರಿಗೆ ಹೆಂಡತಿಯನ್ನು ಗುರಿಮಾಡುವವರೂ ನಮ್ಮಲ್ಲಿ ಇದ್ದಾರೆ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆಂಬುದು ಶಾಲೆಯ ಪುಸ್ತಕದಲ್ಲಿರುವ ಸಂಗತಿ. ಹೆಣ್ಣು ಹೆತ್ತಳೆಂದು ಹೆಂಡತಿಯನ್ನು ದೂರುವವನು ಎಸ್.ಎಸ್.ಎಲ್.ಸಿ.ಯವರೆಗಾದರೂ ಓದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದನು.

ಗಂಡಸರ ಶಸ್ತ್ರಚಿಕಿತ್ಸೆಯ ಬಗ್ಗೆ ಹೋಟೆಲಿನ ಅಟ್ಟದ ಮೇಲೆ ಏನೇನು ಮಾತು ನಡೆಯುತ್ತದೆಂದು ನಾವು ಬಲ್ಲೆವು. ಸೊಂಟ ಹಿಡಿಯುತ್ತದಂತೆ, ಅಕ್ಕಿಯ ಮೂಟೆ ಎತ್ತಲಾಗುವುದಿಲ್ಲವಂತೆ, ಗಂಡಸುತನವೇ ಹೋಗುತ್ತದಂತೆ. ಇವಾವುವೂ ನಿಜವಲ್ಲ. ಅಲ್ಲಿ ಕತ್ತರಿಸುವುದು ವೀರ್ಯಾಣುಗಳನ್ನು ಸಾಗಿಸುವ ನಾಳವನ್ನು ಮಾತ್ರ. ಮೈಯ ಬಲವನ್ನೂ ಕಾಮವನ್ನೂ ಕಾಯುವ ರಸ ರಕ್ತದಲ್ಲಿ ಸೇರುವುದರಿಂದ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಈಗಿನ ಕ್ರಮದಲ್ಲಿ ಚೂರಿಯ ಗಾಯವಿಲ್ಲ, ಹೊಲಿಗೆಯಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ ಚಿಕಿತ್ಸೆ ಮಾಡಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಕಳೆದ ದಿನಗೂಲಿಗೆಂದು ಅಲ್ಪಸ್ವಲ್ಪ ಹಣವನ್ನೂ ಕೊಡುತ್ತಾರೆ. ಆದರೆ ಇದು ಮಕ್ಕಳು ಸಾಕೆಂದು ದಂಪತಿಗಳಿಬ್ಬರೂ ನಿಶ್ಚಯಿಸಿದ ಮೇಲಿನ ಮಾತು, ಏಕೆಂದರೆ ಕತ್ತರಿಸಿದ್ದನ್ನು ಮರಳಿ ಜೋಡಿಸುವುದು ಎಲ್ಲರಲ್ಲಿಯೂ ಫಲಿಸುವುದಿಲ್ಲ. ಮಕ್ಕಳ ನಡುವೆ ಅಂತರ ಬೇಕೆನ್ನುವ ಎಳೆಯ ಗಂಡಂದಿರಿಗೆ ನಿರೋಧ್ ಇದೆ. ರಜೆಯ ಮೇಲೆ ಊರಿಗೆ ಹೋಗುವಾಗ ಸೀರೆ, ಮಿಠಾಯಿಗಳೊಡನೆ ಅದನ್ನೂ ಪೆಟ್ಟಿಗೆಯಲ್ಲಿಟ್ಟುಕೊಳ್ಳಲು ನಾಚಬೇಕಾಗಿಲ್ಲ.

ನಮ್ಮ ಹೋಟೆಲು ಮಾಲಿಕರಲ್ಲಿ ನಮ್ಮದೊಂದು ಬಿನ್ನಹವಿದೆ. ಈ ಚಿಕಿತ್ಸೆಗೆ ಹೋಗಬೇಕೆನ್ನುವ ಕೆಲಸಗಾರನಿಗೆ ಎರಡು ದಿನ ಸಂಬಳದ ರಜೆ ಕೊಡಿ. ಬಳಿಕ ಒಂದು ವಾರ ಮೂಟೆ, ಸಿಲಿಂಡರುಗಳನ್ನು ಎತ್ತಿಸದೆ ಕಾಯಿಪಲ್ಲೆ ಹೆಚ್ಚುವಲ್ಲಿಯೋ ಕೌಂಟರಿನಲ್ಲಿಯೋ ಕೂರಿಸಿ. ಏಕೆ ರಜೆಯೆಂದು ಉಳಿದವರ ಮುಂದೆ ಕೇಳಬೇಡಿ. ಚಿಕಿತ್ಸೆ ಮಾಡಿಸಿಕೊಂಡವರು ಮರೆಯಬಾರದ ಸಂಗತಿಯೊಂದಿದೆ: ನಾಳದಲ್ಲಿ ಮೊದಲೇ ಉಳಿದ ವೀರ್ಯಾಣುಗಳು ಖಾಲಿಯಾಗಲು ಕಾಲ ಹಿಡಿಯುವುದರಿಂದ ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ಅದೇ ಆಸ್ಪತ್ರೆಯಲ್ಲಿ ವೀರ್ಯದ ಪರೀಕ್ಷೆ ಮಾಡಿಸಿ ವೈದ್ಯರ ಚೀಟಿಯನ್ನು ಪಡೆದುಕೊಳ್ಳಬೇಕು. ಮಳೆಗಾಲದ ರಜೆಗೆ ಊರಿಗೆ ಹೋಗುವವರು ಫೆಬ್ರವರಿಯಲ್ಲಿಯೇ ಚಿಕಿತ್ಸೆ ಮುಗಿಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.