ಪ್ರಯೋಗಶಾಲೆಯಿಂದ ಕಾರ್ಖಾನೆಗೆ, ಮತ್ತೆ ಪ್ರಯೋಗಶಾಲೆಗೆ

ರೈಲು ವಡೋದರ ಬಿಟ್ಟು ಅಹಮದಾಬಾದಿನ ಕಡೆಗೆ ಹೊರಟ ಸ್ವಲ್ಪ ಹೊತ್ತಿಗೆಲ್ಲ ಬಾಜ್ವಾ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಆ ಸುತ್ತಿನಲ್ಲೆಲ್ಲ ಕಾರ್ಖಾನೆಗಳ ಚಿಮಣಿಗಳು. ಊರಿನಿಂದ ಬರುವ ನಮ್ಮವರು ಅಷ್ಟು ಹೊತ್ತಿಗೆ ಹಾಸಿಗೆ ಸುತ್ತಿ ಗಂಟು ಎಣಿಸುವುದರಲ್ಲಿ ಇರುತ್ತಾರೆ. ನನ್ನ ಅಕ್ಕನ ಮಗ ಮಾತ್ರ ಕಳೆದ ಬೇಸಗೆಯಲ್ಲಿ ಹುಬ್ಬಳ್ಳಿಯಿಂದ ಬರುವಾಗ ಕಿಟಕಿಗೆ ಮುಖವೊತ್ತಿ ಆ ಚಿಮಣಿಗಳನ್ನೇ ನೋಡುತ್ತ ಬಂದನಂತೆ. ಅವನ ಚೀಲದಲ್ಲಿ ಎರಡು ಪತ್ರಗಳಿದ್ದವು. ಒಂದು, ಈ ಸೀಮೆಯದೇ ಒಂದು ಕಾರ್ಖಾನೆಯಿಂದ ಬಂದ ನೌಕರಿಯ ಕರೆ. ಇನ್ನೊಂದು, ಪಾಲಿಮರ್ ವಿಷಯದಲ್ಲಿ ಸಂಶೋಧನೆಗೆ ಸ್ಥಾನ ಕೊಟ್ಟಿದ್ದೇವೆ ಎಂಬ ವಿಶ್ವವಿದ್ಯಾಲಯದ ಪತ್ರ. ಹುಡುಗ ರಸಾಯನಶಾಸ್ತ್ರದ ಎಂ.ಎಸ್‌ಸಿ.

ಬೋಡಕ್‌ದೇವ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾಲ್ಕು ದಿನ ಇದೇ ಚರ್ಚೆ. ಭಾವನವರ ತಲೆಯ ಮೇಲೆ ಮನೆಯ ಸಾಲವಿದೆ, ಮಗಳ ಮದುವೆಯಿದೆ. "ಕೈಗೆ ಬಂದ ನೌಕರಿ ಬಿಟ್ಟು ಮತ್ತ ಐದು ವರ್ಷ ಓದೂದಂದ್ರ ಏನು?" ಎಂದು ಅವರು. "ಕಾರ್ಖಾನ್ಯಾಗ ಹೊಕ್ಕನಂದ್ರ ವಿದ್ಯಾ ಮುಗೀತು" ಎಂದು ಅಕ್ಕ. ಇಬ್ಬರೂ ಒಂದು ಮಾತಿನಲ್ಲಿ ಮಾತ್ರ ಒಮ್ಮತ: ಒಂದು ಬಾಗಿಲು ಹೊಕ್ಕರೆ ಇನ್ನೊಂದು ಮುಚ್ಚಿಯೇ ಹೋಗುತ್ತದೆ. ನಾನು ಬಿ.ಎ. ಓದಿದ ಸರಕಾರಿ ಗುಮಾಸ್ತ, ಕಡತ ಕಟ್ಟುವವ. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಆದರೂ ಆ ಮಾತು ನಿಜವೇ ಎಂದು ತಿಳಿಯುವ ಕುತೂಹಲ ಹುಟ್ಟಿ, ಸಂಜೆಗಳಲ್ಲಿ ಹುಡುಕಿ ಓದತೊಡಗಿದೆ. ಹಾಗೆ ಸಿಕ್ಕಿದ್ದು ಡಾ. ಸ್ವಾಮಿನಾಥನ್ ಶಿವರಾಂ ಅವರ ಕಥೆ.

ಅವರು ತಮಿಳುನಾಡಿನವರು. 1946ರಲ್ಲಿ ಜನನ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಕಾನ್ಪುರದ ಐ.ಐ.ಟಿ.ಯಲ್ಲಿ ಎಂ.ಎಸ್‌ಸಿ., ಬಳಿಕ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬ್ರೌನ್ ಅವರ ಕೈಕೆಳಗೆ ಡಾಕ್ಟರೇಟು. ಈ ಬ್ರೌನ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಅಲ್ಲಿಂದ ಆಕ್ರನ್ ನಗರಕ್ಕೆ. ಅದು ರಬ್ಬರು, ಟಯರುಗಳ ಊರು. ಅಲ್ಲಿ ಜೋಸೆಫ್ ಕೆನೆಡಿ ಎಂಬ ಪಾಲಿಮರ್ ಪಂಡಿತರೊಡನೆ ಅವರು ಕೈಯಾಡಿಸಿದ್ದು ಟ್ರೈಆಲ್ಕೈಲ್ ಅಲ್ಯುಮಿನಿಯಂ ಎಂಬ ಜಾತಿಯ ರಾಸಾಯನಿಕಗಳ ಮೇಲೆ. ಹೆಸರು ಉದ್ದವಾಯಿತು, ವಾಚಕರು ಕ್ಷಮಿಸಬೇಕು. ಆದರೆ ಮುಂದೆ ಇದರ ಕೆಲಸವಿದೆ.

ಪಾಲಿಮರ್ ಎಂದರೆ ಬೇರೇನಲ್ಲ, ಸಣ್ಣ ಸಣ್ಣ ಅಣುಗಳನ್ನು ಸಾವಿರಗಟ್ಟಲೆ ಒಂದಕ್ಕೊಂದು ಕೊಂಡಿ ಹಾಕಿ ಮಾಡಿದ ಸರಪಳಿ. ಬೆಳಗ್ಗೆ ಬಾಗಿಲಿಗೆ ಬರುವ ಅಮುಲ್ ಹಾಲಿನ ಚೀಲವೂ ಅದೇ, ಬಚ್ಚಲಿನ ಬಕೆಟ್ಟೂ ಅದೇ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಪಾಲಿಥೀನ್ ಮಾಡಿದಾಗ ಅದಕ್ಕೆ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮಿಕ್ಕಿದ ಒತ್ತಡ ಬೇಕಾಗಿತ್ತು. 1953ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಒಂದು ವೇಗವರ್ಧಕ ಕಂಡುಹಿಡಿದು, ಆ ಕೆಲಸವನ್ನು ಸಾಧಾರಣ ಒತ್ತಡದಲ್ಲಿಯೇ ಆಗಿಸಿದರು. ಮರುವರ್ಷ ಇಟಲಿಯ ನಟ್ಟಾ ಅದೇ ಉಪಾಯದಿಂದ ಪಾಲಿಪ್ರೊಪಿಲೀನ್ ಮಾಡಿದರು. 1963ರಲ್ಲಿ ಇಬ್ಬರಿಗೂ ನೊಬೆಲ್. ಆ ವೇಗವರ್ಧಕದ ಜೊತೆಗಾರನೇ ನಮ್ಮ ಉದ್ದ ಹೆಸರಿನ ಅಲ್ಯುಮಿನಿಯಂ ಸಂಯುಕ್ತ.

ಇತ್ತ ಗುಜರಾತಿನಲ್ಲಿ ವಡೋದರದ ಬಳಿಯ ಕೋಯಲೀ ಎಂಬಲ್ಲಿ 1965ರಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಆರಂಭವಾಯಿತು. ಅದರ ನೆರೆಯಲ್ಲಿ 1969ರಲ್ಲಿ ಕೇಂದ್ರ ಸರಕಾರ ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಾರ್ಪೊರೇಷನ್ ಕಟ್ಟಿತು. ಜನರ ಬಾಯಲ್ಲಿ ಐ.ಪಿ.ಸಿ.ಎಲ್. ಎಣ್ಣೆಯಿಂದ ಬರುವ ನಾಫ್ತಾವನ್ನು ಒಡೆದು ಎಥಿಲೀನ್, ಪ್ರೊಪಿಲೀನ್ ಅನಿಲ ತೆಗೆಯುವುದು, ಅವನ್ನು ಪೋಣಿಸಿ ಪ್ಲಾಸ್ಟಿಕ್ ಕಾಳು ಮಾಡುವುದು ಅದರ ಉದ್ಯೋಗ. ದೊಡ್ಡ ಮಾತೆಂದರೆ, ಕಾರ್ಖಾನೆಯ ಜೊತೆಗೆ ಅದು ಒಂದು ಸಂಶೋಧನಾ ಕೇಂದ್ರವನ್ನೂ ಇಟ್ಟುಕೊಂಡಿತ್ತು. ಭಾರತಕ್ಕೆ ಮರಳಿದ ಶಿವರಾಂ ಅಲ್ಲಿ ಸೇರಿ 1988ರವರೆಗೂ ದುಡಿದರು.

ಕಾರ್ಖಾನೆಯಲ್ಲಿ ವಿಜ್ಞಾನಿಗೆ ಏನು ಪಾಠ? ನನ್ನ ಸೋದರಳಿಯನೇ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ತಿಳಿಸಿದ. ಅಣುಗಳು ಕೊಂಡಿ ಹಾಕಿಕೊಳ್ಳುವಾಗ ಬಿಸಿ ಹುಟ್ಟುತ್ತದೆ. ಪ್ರಯೋಗಶಾಲೆಯ ಗಾಜಿನ ಬುರುಡೆಯಲ್ಲಿ ಆ ಬಿಸಿ ಹೊರಗೆ ಹೋಗಿಬಿಡುತ್ತದೆ. ಮನೆಯಷ್ಟು ದೊಡ್ಡ ಪಾತ್ರೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ವೇಗವರ್ಧಕಕ್ಕೆ ನೀರಿನ ಪಸೆ ತಾಕಿದರೆ ಕೆಟ್ಟಿತು. ಅದರ ಜೊತೆಗಾರ ಅಲ್ಯುಮಿನಿಯಂ ಸಂಯುಕ್ತವಂತೂ ಗಾಳಿ ಸೋಕಿದರೆ ತಾನೇ ಹೊತ್ತಿಕೊಳ್ಳುತ್ತದೆ. "ಹಿಡಿ ಅಕ್ಕಿ ಅನ್ನಾ ಮಾಡಾಕೂ ಲಗ್ನದ ಅಡಗೀ ಮಾಡಾಕೂ ಎಷ್ಟು ಫರಕು ಐತಿ ನೋಡ್ರಿ ಮಾಮಾ" ಎಂದ. ಒಳಗಿದ್ದ ನನ್ನ ಹೆಂಡತಿ ಮೊದಲ ಸಲ ರಸಾಯನಶಾಸ್ತ್ರಕ್ಕೆ ತಲೆದೂಗಿದಳು.

1988ರಲ್ಲಿ ಶಿವರಾಂ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಗೆ ಪಾಲಿಮರ್ ರಸಾಯನ ವಿಭಾಗದ ಮುಖ್ಯಸ್ಥರಾಗಿ ಹೋದರು. ಕಾರ್ಖಾನೆಯಿಂದ ಬಂದವರೆಂದು ಅಲ್ಲಿ ಬಾಗಿಲು ಮುಚ್ಚಲಿಲ್ಲ. ಅಲ್ಲಿ ಅವರೂ ಜೊತೆಗಾರರೂ ಹಿಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಪಾಲಿಕಾರ್ಬೊನೇಟ್ ಎಂಬ ಗಾಜಿನಂತಹ ಪ್ಲಾಸ್ಟಿಕ್ ಇದೆಯಲ್ಲ, ಸಿ.ಡಿ. ತಟ್ಟೆಗೂ ಕನ್ನಡಕಕ್ಕೂ ಬಳಸುವುದು, ಅದನ್ನು ರೂಢಿಯಲ್ಲಿ ಫಾಸ್ಜೀನ್ ಅನಿಲದಿಂದ ಮಾಡುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ವಿಷವಾಯು ಅದು. ಪುಣೆಯವರು ಬೇರೆ ದಾರಿ ತುಳಿದರು: ಮೊದಲು ಗಿಡ್ಡ ಸರಪಳಿಗಳನ್ನು ಮಾಡಿ, ಗಟ್ಟಿ ಹರಳಾಗಿಸಿ, ಕರಗದಷ್ಟೇ ಹದವಾಗಿ ಬಿಸಿ ಮಾಡುವುದು. ಸಂಡಿಗೆಯ ಪಸೆ ಬಿಸಿಲಿಗೆ ಹೋಗುವಂತೆ, ಕೊಂಡಿ ಬೀಳುವಾಗ ಉಳಿಯುವ ಫೀನಾಲ್ ಹೊರಗೆ ಹೋಗುತ್ತದೆ. ಅದು ಹೋದಷ್ಟೂ ಸರಪಳಿ ಗಟ್ಟಿಯಾಗಿಯೇ ಇದ್ದು ಉದ್ದವಾಗುತ್ತದೆ. 1993ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಬಂತು. ಆ ಪ್ಲಾಸ್ಟಿಕ್ಕಿನ ದೊಡ್ಡ ತಯಾರಕರಾಗಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯವರೇ ಪುಣೆಯೊಡನೆ ಕೂಡಿ ಕೆಲಸ ಮಾಡಲು ಬಂದರು. ವಿಷವಾಯು ಬೇಡ, ದ್ರಾವಕ ಬೇಡ ಎಂಬ ಹಂಬಲ ಕಾರ್ಖಾನೆ ಕಂಡವರಿಗೆ ಬೇಗ ಹುಟ್ಟುತ್ತದೆ ಎಂದು ನನ್ನ ಊಹೆ.

2002ರಿಂದ 2010ರವರೆಗೆ ಅವರು ಅದೇ ಪ್ರಯೋಗಶಾಲೆಯ ನಿರ್ದೇಶಕರು. 2006ರಲ್ಲಿ ಪದ್ಮಶ್ರೀ. ಐ.ಪಿ.ಸಿ.ಎಲ್. ಮಾತ್ರ ಈಗ ಆ ಹೆಸರಿನಲ್ಲಿಲ್ಲ; 2007ರಲ್ಲಿ ರಿಲಯನ್ಸ್‌ನಲ್ಲಿ ವಿಲೀನವಾಯಿತು.

ಇಷ್ಟನ್ನೂ ಒಂದು ರಾತ್ರಿ ಊಟವಾದ ಮೇಲೆ ಎಲ್ಲರೆದುರು ಓದಿ ಹೇಳಿದೆ. ಭಾವನವರು ಗೆದ್ದವರಂತೆ ಮಗನ ಮುಖ ನೋಡಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ಅವರು ಡಾಕ್ಟರೇಟ್ ಮುಗಿಸಿ ಕಾರ್ಖಾನಿಗೆ ಹೋದಾವ್ರಲ್ರೀ" ಎಂದ. ಕಡತದಲ್ಲಿ ತಾರೀಖು ನೋಡುವುದೇ ನನ್ನ ಉದ್ಯೋಗ, ಅದನ್ನೇ ಮರೆತಿದ್ದೆ.

ಸೋಮವಾರ ವಿಶ್ವವಿದ್ಯಾಲಯಕ್ಕೆ ಒಪ್ಪಿಗೆ ಹೋಯಿತು. ಸಂಶೋಧನಾ ವೇತನ ಬರುತ್ತದೆ, ಅದರಲ್ಲಿ ತಿಂಗಳಿಗಿಷ್ಟು ಮನೆಗೆ ಎಂದು ಹುಡುಗ ಲೆಕ್ಕ ಬರೆದು ತಂದೆಯ ಕೈಗಿಟ್ಟ. ಭಾವನವರು ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಊರಿಗೆ ಹೊರಟ ದಿನ ರೈಲು ಬಾಜ್ವಾ ದಾಟುವಾಗ ತಂದೆ ಮಗ ಇಬ್ಬರೂ ಕಿಟಕಿಯ ಹತ್ತಿರವೇ ಕೂತಿದ್ದರೆಂದು ಅಕ್ಕ ಫೋನಿನಲ್ಲಿ ತಿಳಿಸಿದಳು.